ಪೆಟ್ಟಿಗೆಯ ಪವನಿಗೆ ಎಷ್ಟು ಅಂಕ?

ಪ್ರಶ್ನೆ: ಮುತ್ತಜ್ಜಿಯ ಕಾಲದ ಮೂರು ಬ್ರಿಟಿಷ್ ಪವನು, ಒಂದು ಹಳೆಯ ವರಾಹ ನಮ್ಮ ಮನೆಯಲ್ಲಿವೆ. ಒಂದು ಪವನಿನ ಮೇಲೆ 1918 ಎಂದಿದೆ, ಇನ್ನೊಂದರಲ್ಲಿ ಕೊಂಡಿ ಕಿತ್ತ ಗುರುತಿದೆ. ರಾಣೇಬೆನ್ನೂರಿನ ಸರಾಫರು ಬಂಗಾರದ ದರವಷ್ಟೇ ಬರುತ್ತದೆ ಎಂದರು. 1918ರ ಪವನನ್ನು ನೋಡಿದ ಸಂಗ್ರಾಹಕರೊಬ್ಬರು ‘ಎಕ್ಸ್‌ಟ್ರೀಮ್ಲಿ ಫೈನ್’ ಎಂದರೆ ಮತ್ತೊಬ್ಬರು ‘ಎಂಎಸ್ 61’ ಎಂದರು. ಯಾರ ಮಾತು ಸರಿ? ಅಮೆರಿಕಕ್ಕೆ ಕಳಿಸಿ ಗ್ರೇಡ್ ಮಾಡಿಸಬಹುದೇ?
— ಓದುಗರು, ಬ್ಯಾಡಗಿ

ಉತ್ತರ: ಮೂವರೂ ತಮ್ಮ ತಮ್ಮ ಅಳತೆಯಲ್ಲಿ ಸರಿಯಾಗಿಯೇ ಹೇಳಿರಬಹುದು. ಸರಾಫರು ನೋಡಿದ್ದು ತೂಕ ಮತ್ತು ಶುದ್ಧತೆ. ಪವನು ಅಂದರೆ ಬ್ರಿಟಿಷ್ ಸಾವರಿನ್, 22 ಕ್ಯಾರೆಟ್, 7.988 ಗ್ರಾಂ. ಅದರಲ್ಲಿ ಅಪ್ಪಟ ಬಂಗಾರ 7.32 ಗ್ರಾಂ. ಅವರ ತಕ್ಕಡಿಗೆ ಅಷ್ಟೇ ಬೇಕು. ಸಂಗ್ರಾಹಕರಿಬ್ಬರೂ ನೋಡಿದ್ದು ಟಂಕಸಾಲೆಯಿಂದ ಹೊರಬಿದ್ದ ದಿನದ ರೂಪ ಆ ನಾಣ್ಯದಲ್ಲಿ ಎಷ್ಟು ಉಳಿದಿದೆ ಎಂಬುದನ್ನು. ಆದರೆ ಒಬ್ಬರು ಬ್ರಿಟನ್ನಿನ ಪದ್ಧತಿಯಲ್ಲಿ, ಇನ್ನೊಬ್ಬರು ಅಮೆರಿಕದ ಪದ್ಧತಿಯಲ್ಲಿ ಹೇಳಿದ್ದಾರೆ.

ಬ್ರಿಟನ್ನಿನದು ಮಾತಿನ ಪದ್ಧತಿ. ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ ಎಂದು ಮೆಟ್ಟಿಲು ಏರುತ್ತದೆ. ನಮ್ಮ ದೇಶದ ಹರಾಜು ಕ್ಯಾಟಲಾಗುಗಳಲ್ಲೂ ಬಹುಕಾಲದಿಂದ ಇದೇ ಬಳಕೆ. ಅಮೆರಿಕದ್ದು ಅಂಕಿಯ ಪದ್ಧತಿ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಅಳತೆ ಮಾಡಿದ. ಅವನ ಮೂಲ ಉದ್ದೇಶ ಬೆಲೆ ಕಟ್ಟುವುದು. ತೀರಾ ಸವೆದ ನಾಣ್ಯಕ್ಕೆ ಒಂದು ಪಾಲು ಬೆಲೆಯಾದರೆ ಕುಂದಿಲ್ಲದ್ದಕ್ಕೆ ಎಪ್ಪತ್ತು ಪಾಲು ಎಂಬ ಲೆಕ್ಕ. ಆ ಬೆಲೆಯ ಲೆಕ್ಕ ಬೇಗ ಕೆಟ್ಟಿತು, ಅಂಕಿ ಮಾತ್ರ ಉಳಿಯಿತು. ಮಾರುವವನೇ ಗ್ರೇಡ್ ಹೇಳುವುದು, ಮಾರುವಾಗ ಏರಿಸಿ ಕೊಳ್ಳುವಾಗ ಇಳಿಸುವುದು ಅಲ್ಲಿ ಅತಿಯಾದಾಗ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಕಂಪನಿಗಳು ಬಂದವು. ಇವು ನಾಣ್ಯವನ್ನು ಪರೀಕ್ಷಿಸಿ, ಅಂಕಿ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊಹರು ಮಾಡಿ ಕೊಡುತ್ತವೆ.

ಈ ಅಳತೆಯಲ್ಲಿ 20ರಿಂದ 35 ವೆರಿ ಫೈನ್, 40–45 ಎಕ್ಸ್‌ಟ್ರೀಮ್ಲಿ ಫೈನ್, 50ರಿಂದ 58 ಎಯು, ಅಂದರೆ ಚಲಾವಣೆಯ ಸವೆತ ಬರೀ ಸೋಕಿದ್ದು. 60ರ ಮೇಲೆ ಎಂಎಸ್, ಚಲಾವಣೆಯನ್ನೇ ಕಾಣದ್ದು. ಹಾಗಾದರೆ ಎಕ್ಸ್‌ಟ್ರೀಮ್ಲಿ ಫೈನ್‌ಗೂ ಎಂಎಸ್ 61ಕ್ಕೂ ಇಷ್ಟು ಅಂತರ ಹೇಗೆ? ಹೆಸರು ಒಂದೇ ಆದರೂ ಬ್ರಿಟನ್ನಿನವರ ಎಕ್ಸ್‌ಟ್ರೀಮ್ಲಿ ಫೈನ್ ಹೆಚ್ಚು ಬಿಗಿ. ಅವರು ಹಾಗೆ ಕರೆದ ಪವನು ಅಮೆರಿಕದ ಡಬ್ಬಿಯಲ್ಲಿ ಎಯು ಆಗಿಯೋ ಎಂಎಸ್‌ನ ಕೆಳಮೆಟ್ಟಿಲಾಗಿಯೋ ಕಾಣುವುದು ಮಾಮೂಲು. ಬಂಗಾರ ಮೆದು ಲೋಹ. ಒಂದರ ಮೇಲೊಂದು ಪೇರಿಸಿಟ್ಟಾಗ ಉಬ್ಬುಭಾಗಗಳು ತುಸು ಉಜ್ಜಿಹೋಗುತ್ತವೆ. ಅಮೆರಿಕದವರು ಈ ಉಜ್ಜನ್ನು ಚಲಾವಣೆಯ ಸವೆತವೆಂದು ಎಣಿಸದೆ ಬಿಡುವುದುಂಟು, ಹಳೆಯ ಬ್ರಿಟಿಷ್ ಪದ್ಧತಿಯವರು ಅದನ್ನೂ ಸವೆತವೆಂದೇ ನೋಡುತ್ತಾರೆ. ಹಾಗಾಗಿ ಗ್ರೇಡ್ ಕೇಳಿದ ಕೂಡಲೇ ಅದು ಯಾರ ಪದ್ಧತಿಯದು ಎಂದೂ ಕೇಳಿಕೊಳ್ಳಿ. ಎಂಎಸ್ 60 ಎಂದರೆ ಚೆಲುವಾದ ನಾಣ್ಯ ಎಂದೇನೂ ಅಲ್ಲ. ಚಲಾವಣೆಗೆ ಬರುವ ಮೊದಲೇ ಚೀಲದೊಳಗೆ ಒಂದಕ್ಕೊಂದು ತಾಗಿ ಕಚ್ಚು ಬಿದ್ದ ಎಂಎಸ್ 60ಕ್ಕಿಂತ ಹೊಳಪು ಉಳಿಸಿಕೊಂಡ ಎಯು 58 ಎಷ್ಟೋ ಸಲ ಕಣ್ಣಿಗೆ ಹಿತ.

ಮನೆಯಲ್ಲೇ ನೋಡಿಕೊಳ್ಳಬೇಕೆಂದರೆ ಒಂದು ಭೂತಗನ್ನಡಿ ಸಾಕು. ಸೇಂಟ್ ಜಾರ್ಜ್ ಇರುವ ಬದಿಯಲ್ಲಿ ಅವನ ಶಿರಸ್ತ್ರಾಣ ಮತ್ತು ಕುದುರೆಯ ಎದೆ ಮೊದಲು ಸವೆಯುತ್ತವೆ. ರಾಜನ ಬದಿಯಲ್ಲಿ ಐದನೆಯ ಜಾರ್ಜ್‌ನಾದರೆ ಕಿವಿಯ ಮೇಲಿನ ಕೂದಲು ಮತ್ತು ಮೀಸೆ. ಸವೆತಕ್ಕೆ ಬ್ರಿಟಿಷ್ ಸರಕಾರದ್ದೇ ಒಂದು ಅಳತೆಯೂ ಇತ್ತು: ಪವನು 7.938 ಗ್ರಾಂಗಿಂತ ಕಡಿಮೆಯಾದರೆ ಅದು ಚಲಾವಣೆಗೆ ಸಲ್ಲದು.

ನಿಮ್ಮ 1918ರ ಪವನನ್ನು ವಿಶೇಷವಾಗಿ ನೋಡಿ. ಆ ವರ್ಷ ಲಂಡನ್ನಿನಲ್ಲಿ ಪವನು ಅಚ್ಚಾಗಲಿಲ್ಲ. ಸಿಡ್ನಿ, ಮೆಲ್ಬರ್ನ್, ಪರ್ತ್, ಒಟ್ಟಾವಗಳ ಜತೆ ನಮ್ಮ ಮುಂಬಯಿಯಲ್ಲೂ ಅಚ್ಚಾಯಿತು, ಮುಂಬಯಿಯಲ್ಲಿ ಆ ಒಂದೇ ವರ್ಷ, ಸುಮಾರು 13 ಲಕ್ಷ. ಇಸವಿಯ ಮೇಲೆ, ನೆಲದ ಗೆರೆಯ ನಡುವೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಅದು ಮುಂಬಯಿಯದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಪವನು 1899ರಿಂದ 15 ರೂಪಾಯಿ ಲೆಕ್ಕದಲ್ಲಿ ಕಾಯಿದೆಬದ್ಧ ನಾಣ್ಯವಾಗಿತ್ತು. ಹತ್ತಿ ಮಾರಿ ಬಂದ ಹಣವನ್ನು ಪವನು ಮಾಡಿ ಪೆಟ್ಟಿಗೆಗೆ ಹಾಕಿದ ಮನೆತನಗಳು ನಿಮ್ಮ ಭಾಗದಲ್ಲಿ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕೊಂಡಿಯ ಗುರುತಿನ ಪವನು. ಗ್ರೇಡಿನ ವಿಷಯದಲ್ಲಿ ನಮ್ಮ ಕಡೆಯ ನಾಣ್ಯಗಳಿಗೆ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ನಾಣ್ಯವನ್ನು ಇಟ್ಟದ್ದಕ್ಕಿಂತ ತೊಟ್ಟದ್ದು ಹೆಚ್ಚು. ಪತ್ತಾರರು ಅಂಚಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದರು. ಬೆಸುಗೆಯ ಕಲೆ, ಅಂಚಿನ ಅರ, ಒರೆಗಲ್ಲಿಗೆ ತಿಕ್ಕಿದ ಗೀರು, ಉಜ್ಜಿ ತೊಳೆದ ಕೃತಕ ಹೊಳಪು, ಇವುಗಳಲ್ಲಿ ಯಾವುದು ಕಂಡರೂ ಅಮೆರಿಕದ ಕಂಪನಿಗಳು ಅಂಕಿಯನ್ನೇ ಕೊಡದೆ ‘ಡೀಟೇಲ್ಸ್’ ಎಂದು ಬರೆದುಬಿಡುತ್ತವೆ. ನಾಣ್ಯ ಅಸಲಿ, ವಿವರ ಇಷ್ಟು ಉಳಿದಿದೆ, ಆದರೆ ಪೆಟ್ಟಾಗಿದೆ ಎಂದು ಅದರರ್ಥ. ಸಂಗ್ರಾಹಕರ ಬೆಲೆ ಅಲ್ಲಿಗೆ ಇಳಿಯುತ್ತದೆ. ಮುತ್ತಜ್ಜಿಯ ಕೊರಳಲ್ಲಿದ್ದ ನಾಣ್ಯಕ್ಕೆ ‘ಪೆಟ್ಟಾಗಿದೆ’ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಆದರೂ ಮಾರುಕಟ್ಟೆಯ ಭಾಷೆ ಅದು, ತಿಳಿದಿರಬೇಕು. ಪುತಳಿ ಸರವಿರುವ ಮನೆಗಳಿಗೆ ಇನ್ನೊಂದು ಮಾತು. ಪುತಳಿ ಮೂಲದಲ್ಲಿ ವೆನಿಸ್ಸಿನ ಡುಕಾಟ್, ಸುಮಾರು ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಬಂಗಾರ. ಅದರ ಮಾದರಿಯಲ್ಲಿ ಇಲ್ಲಿನ ಅಕ್ಕಸಾಲಿಗಳು ಮಾಡಿದ ಬಿಲ್ಲೆಗಳೂ ಹೇರಳ. ಅವುಗಳಲ್ಲಿ ಲ್ಯಾಟಿನ್ ಅಕ್ಷರಗಳು ಬರೀ ಗೆರೆಗಳಾಗಿರುತ್ತವೆ. ಅವನ್ನು ಒಡವೆಯಾಗಿ ನೋಡಬೇಕು, ನಾಣ್ಯದ ಗ್ರೇಡ್ ಅವುಗಳಿಗೆ ಅನ್ವಯಿಸುವುದಿಲ್ಲ.

ವರಾಹದ ಮಾತು ಬೇರೆ. ಪವನು ಯಂತ್ರದಲ್ಲಿ ಅಚ್ಚಾದದ್ದು, ಒಂದರಂತೆ ಇನ್ನೊಂದು. ವರಾಹವನ್ನು ಕೈಯಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು. ವಿಜಯನಗರದ ವರಾಹ ಸುಮಾರು 3.4 ಗ್ರಾಂ. ಅಚ್ಚು ಬಿಲ್ಲೆಗಿಂತ ದೊಡ್ಡದಿರುವುದರಿಂದ ಚಿತ್ರದ ಅಂಚು ಹೊರಗೇ ಉಳಿಯುತ್ತದೆ. ಕೃಷ್ಣದೇವರಾಯನ ಬಾಲಕೃಷ್ಣನ ಕಾಲೋ ಅಚ್ಯುತರಾಯನ ಗಂಡಭೇರುಂಡದ ರೆಕ್ಕೆಯೋ ತುಂಡಾಗಿ ಕಂಡರೆ ಅದು ಸವೆತವಲ್ಲ, ಹುಟ್ಟಿದ್ದೇ ಹಾಗೆ. ಇನ್ನೂ ಹಿಂದಿನ ಗದ್ಯಾಣಗಳಲ್ಲಿ ಬಟ್ಟಲಿನಂತೆ ಬಾಗಿದ ಬಿಲ್ಲೆಯ ಮೇಲೆ ಮುದ್ರೆಗಳನ್ನು ಒಂದೊಂದಾಗಿ ಒತ್ತಿರುತ್ತಾರೆ. ಹನುಮನ ಮುದ್ರೆಯ ಗದ್ಯಾಣಗಳನ್ನು ನಿಮ್ಮದೇ ಜಿಲ್ಲೆಯ ಹಾನಗಲ್ಲಿನ ಕದಂಬರವೆಂದು ತಜ್ಞರು ಗುರುತಿಸುತ್ತಾರೆ. ಇವುಗಳಲ್ಲಿ ಎಷ್ಟು ಮುದ್ರೆ ಸ್ಪಷ್ಟವಾಗಿ ಓದಲು ಬರುತ್ತದೆ ಎಂಬುದೇ ಮುಖ್ಯ.

ಗ್ರೀಕ್, ರೋಮನ್, ಕುಷಾಣ ನಾಣ್ಯಗಳಿಗೆ ಎನ್‌ಜಿಸಿ ಸವೆತದ ಗ್ರೇಡನ್ನು ಮಾತಿನಲ್ಲಿ ಹೇಳಿ, ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ, ಮೈ ಎಷ್ಟು ಚೊಕ್ಕವಿದೆ ಎಂಬುದಕ್ಕೆ ತಲಾ ಐದರಲ್ಲಿ ಇಷ್ಟು ಎಂದು ಬೇರೆ ಅಂಕ ಕೊಡುತ್ತದೆ. ವರಾಹಗಳಿಗೆ ಮಾತ್ರ ಪವನಿನಂತೆ 70ರ ಅಳತೆಯ ಒಂದೇ ಅಂಕಿ ಬರುವುದೇ ಹೆಚ್ಚು. ನನ್ನ ತೀರ್ಮಾನದಲ್ಲಿ ನಮ್ಮ ವರಾಹ, ಗದ್ಯಾಣಗಳಿಗೆ ಒಪ್ಪುವುದು ಮೊದಲನೆಯ ರೀತಿಯೇ. ಚಿತ್ರ ಅರ್ಧ ತಪ್ಪಿಹೋದ ವರಾಹಕ್ಕೂ ಸವೆತವಿಲ್ಲವೆಂದು ಎಂಎಸ್ 63 ಸಿಗಬಹುದು. ದೇವರ ಮುಖ ಪೂರ್ತಿ ಮೂಡಿರುವ, ತುಸು ಸವೆದ ವರಾಹವೇ ಅದಕ್ಕಿಂತ ಮೇಲು ಎನ್ನುತ್ತೇನೆ. ವರಾಹ ಯಾವ ಅರಸನದೆಂದು ಗುರುತಿಸದೆ ಗ್ರೇಡಿನ ಹಿಂದೆ ಬೀಳಬೇಡಿ. ಶಿವ–ಪಾರ್ವತಿಯರ ಮುದ್ರೆಯೊಂದನ್ನೇ ಇಕ್ಕೇರಿಯ ನಾಯಕರೂ ಹೈದರಾಲಿಯೂ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಬಳಸಿದ್ದಾರೆ. ಹಿಂಬದಿ ನೋಡದೆ ಹೇಳಲಾಗದು. ಡಾ. ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಕುರಿತ ಕೃತಿ ಇದಕ್ಕೆ ಒಳ್ಳೆಯ ಆಧಾರ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯಲ್ಲೂ ವಿಚಾರಿಸಬಹುದು.

ಅಮೆರಿಕಕ್ಕೆ ಕಳಿಸುವ ವಿಚಾರಕ್ಕೆ ನೇರ ಉತ್ತರ: ಕಳಿಸಬೇಡಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಕೇಂದ್ರ ಸರಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. 1918ರ ಪವನಿಗೆ 2018ರಲ್ಲೇ ನೂರು ತುಂಬಿದೆ, ವರಾಹದ ಮಾತಂತೂ ಕೇಳಲೇಬೇಡಿ. ಮನೆತನದಿಂದ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕಿದ್ದರೆ ಮಾತ್ರ ಕರ್ನಾಟಕದ ನಿಧಿ ಕಾಯಿದೆ (1962) ಅನ್ವಯಿಸುತ್ತದೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ಕನಕದಾಸರಿಗೆ ನೆಲದಲ್ಲಿ ಹೊನ್ನು ಸಿಕ್ಕಿದ ಕತೆ ಕೇಳಿ ಬೆಳೆದ ಕಾಗಿನೆಲೆಯ ಸೀಮೆಯವರು ನೀವು. ಇಂದು ಹಾಗೆ ಸಿಕ್ಕ ಹೊನ್ನಿಗೆ ಕಾನೂನು ಬೇರೆ.

ಈಗ ಮಾಡಬೇಕಾದದ್ದು ಇಷ್ಟು. ನಾಣ್ಯಗಳನ್ನು ಅಂಟುವಾಳಕ್ಕೋ ಹುಣಸೆಹಣ್ಣಿಗೋ ಹಾಕಿ ತೊಳೆಯಬೇಡಿ. ಒರೆಗಲ್ಲಿಗೆ ಹಚ್ಚಲು ಬಿಡಬೇಡಿ, ಹಾಲ್‌ಮಾರ್ಕ್ ಒತ್ತಿಸಬೇಡಿ. ಅಂಚಿನಲ್ಲಿ ಹಿಡಿದು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿಸಿ, ಎರಡೂ ಬದಿಯ ಫೋಟೊ ತೆಗೆದಿಡಿ. ಆ ಫೋಟೊಗಳನ್ನು ಒಬ್ಬರಿಗಿಂತ ಹೆಚ್ಚು ಜನಕ್ಕೆ ತೋರಿಸಿ. ಅಲ್ಲಿಯವರೆಗೆ ಕರಗಿಸಲು ಯಾರು ಹೇಳಿದರೂ ಒಪ್ಪಬೇಡಿ. ಬಂಗಾರದ ದರ ನಾಳೆಯೂ ಸಿಗುತ್ತದೆ, ಕರಗಿದ ವರಾಹ ಮತ್ತೆ ಸಿಗುವುದಿಲ್ಲ.