ಮನವನ್ನು ಕಾಯುವ ಬಗೆ

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಬೇಕೆಂಬುದು ಸದ್ಭಕ್ತರೆಲ್ಲರೂ ಬಲ್ಲ ತತ್ತ್ವ. ಅರ್ಪಿಸತಕ್ಕ ವಸ್ತುವನ್ನು ಕಾಪಾಡಿಕೊಳ್ಳುವುದೂ ಭಕ್ತನ ಹೊಣೆಯೇ. ಧನವನ್ನು ಲೆಕ್ಕವಿಟ್ಟು ಕಾಯುತ್ತೇವೆ. ತನುವಿಗೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುತ್ತೇವೆ. ಲಿಂಗಕ್ಕೆ ಸಲ್ಲಬೇಕಾದ ಮನವು ನೊಂದಾಗ ಮಾತ್ರ ನೆರೆಹೊರೆಯವರಿಗೆ ತಿಳಿದೀತೆಂದು ಮುಚ್ಚಿಡುತ್ತೇವೆ. ಇದು ಶರಣರ ನಡೆಯೆ?

ಶರಣರು ಮುಚ್ಚಿಡಲಿಲ್ಲ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮರ್ಕಟಕ್ಕೆ ಹೋಲಿಸಿದರು. ಮನದ ಚಂಚಲತೆಯನ್ನು ಹೇಳಿಕೊಂಡುದರಿಂದ ಅವರ ಹಿರಿಮೆ ಕುಂದಲಿಲ್ಲ. ಅನುಭವ ಮಂಟಪವು ತತ್ತ್ವಚರ್ಚೆಯ ಸ್ಥಾನವಾಗಿದ್ದಂತೆಯೇ ಮನ ಬಿಚ್ಚಿ ಮಾತನಾಡುವ ಸ್ಥಾನವೂ ಆಗಿದ್ದಿತು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯೂ ಇಲ್ಲಿ ಮನನೀಯ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಗೋಷ್ಠಿಯಲ್ಲಿ ಮೈಮರೆತು ಅವನು ಕಾಯಕವನ್ನು ಮರೆತಾಗ ಲಕ್ಕಮ್ಮನು ನೆನಪಿಸಿದಳು. ಎಂದಿಗಿಂತ ಹೆಚ್ಚು ತಂದಾಗ ಹಿಂದಿರುಗಿಸಲು ಹೇಳಿದಳು. ನಿಷ್ಕ್ರಿಯತೆ, ಅತಿಯಾಸೆ ಇವೆರಡೂ ಚಿಂತೆಗೆ ಬಾಗಿಲುಗಳೆಂಬುದನ್ನು ಆ ತಾಯಿ ಅರಿತಿದ್ದಳು.

ಆದರೆ ಕಾಯಕವೇ ಕೈತಪ್ಪಿದರೆ? ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಇಂತಹ ಸಮಯದಲ್ಲಿ ಸಂಬಳದೊಡನೆ ದಿನದ ಕ್ರಮವೂ ಜತೆಗಾರರ ಮಾತೂ ನಿಂತುಹೋಗುತ್ತವೆ. ಕೆಲಸ ಕಳೆದುಕೊಂಡವನನ್ನು ಮನೆಯವರು ಸೋಮಾರಿಯೆಂದು ಜರೆಯಬಾರದು. ಸಂಬಳ ಹೋದರೂ ಕಾಯಕ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ, ಲಿಂಗಪೂಜೆ, ಅನ್ಯರಿಗೆ ನೆರವಾಗುವ ಒಂದು ಸಣ್ಣ ಕೆಲಸ, ಸ್ವಲ್ಪ ನಡಿಗೆ – ಇವು ಮನಸ್ಸಿಗೆ ಆಧಾರ. ಇಂದಿನ ವೈದ್ಯರೂ ಇದನ್ನೇ ಹೇಳುತ್ತಾರೆ.

ಇಷ್ಟರಿಂದಲೇ ಎಲ್ಲವೂ ವಾಸಿಯಾಗುವುದೆಂದು ತಿಳಿಯಬಾರದು. ಎರಡು ವಾರಗಳಿಗೂ ಮೀರಿ ನಿದ್ರೆ ಬಾರದೆ, ಊಟ ರುಚಿಸದೆ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ಇದ್ದರೆ, ಅಥವಾ ಇಲ್ಲದ ದನಿಗಳು ಕೇಳಿಸತೊಡಗಿದರೆ, ಅದು ವ್ಯಾಧಿ. ಅದು ಗಾಳಿ ಸೋಕಿದ್ದಲ್ಲ, ಭಕ್ತಿಯ ಕೊರತೆಯೂ ಅಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಚಿಕಿತ್ಸೆಯನ್ನು ಮುಂದೂಡಿದರೆ ಕಷ್ಟಪಡುವವಳು ಆ ಮಗಳೇ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಬಹುದು. 2022ರಲ್ಲಿ ಆರಂಭವಾದ ಟೆಲಿ-ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವಿಭೂತಿ ಧರಿಸಿದವನು ಔಷಧಿ ಸೇವಿಸಬಾರದೆಂಬ ನಿಯಮ ಯಾವ ಆಚಾರದಲ್ಲಿಯೂ ಇಲ್ಲ. ವೈದ್ಯರನ್ನು ಕೇಳದೆ ಔಷಧಿಯನ್ನು ನಡುವೆ ನಿಲ್ಲಿಸಲೂ ಬಾರದು.

ಬದುಕು ಸಾಕಾಯಿತೆಂದು ಯಾರಾದರೂ ನುಡಿದರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬೇಡಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಶಾಂತವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊರೆ ಹಗುರವಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಜತೆಗಿದ್ದು ವೈದ್ಯರಲ್ಲಿಗೆ ಕರೆದೊಯ್ಯಿರಿ.

ಸದ್ಭಕ್ತರೇ, ಸಂಜೆಯ ಪ್ರಾರ್ಥನೆಯಾದ ಮೇಲೆ ಮನೆಮಂದಿಯೆಲ್ಲ ಕಾಲುಗಂಟೆ ಕೂಡಿ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ತಡೆಯದೆ ಕೇಳುವ ರೂಢಿ ಮಾಡಿಕೊಳ್ಳಿರಿ. ಗೃಹಸ್ಥನ ಮನೆಯೇ ಅವನ ಅನುಭವ ಮಂಟಪ. ಮನದ ನೋವನ್ನು ನಾಚದೆ ಹೇಳಿಕೊಳ್ಳಬಹುದಾದ ಮನೆಯಲ್ಲಿ ಲಿಂಗಪೂಜೆಯು ಸಾರ್ಥಕವಾಗುತ್ತದೆ.