ತೋಟದಲ್ಲಿ ಜೇನು ಕಚ್ಚಿದಾಗ: ಲೇಪ ಯಾವಾಗ, ಆಸ್ಪತ್ರೆ ಯಾವಾಗ?

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಹಾಗೂ ದಾಳಿಂಬೆ ತೋಟಗಳಲ್ಲಿ ಕಾಯಕ ಮಾಡುವ ಸದ್ಭಕ್ತರಿಗೆ ಜೇನುಹುಳು ಕಚ್ಚುವುದು ಹೊಸತೇನಲ್ಲ. ಕಚ್ಚಿದಲ್ಲಿ ಸುಣ್ಣ ಹಚ್ಚಿ ಮತ್ತೆ ಕೆಲಸಕ್ಕೆ ತೊಡಗುವವರೇ ಹೆಚ್ಚು. ಬಹುತೇಕ ಸಂದರ್ಭಗಳಲ್ಲಿ ಅಪಾಯವೂ ಇರುವುದಿಲ್ಲ. ಆದರೆ ಕೆಲವರಿಗೆ ಒಂದೇ ಹುಳುವಿನ ವಿಷ ಅರ್ಧ ಗಂಟೆಯೊಳಗೆ ಪ್ರಾಣಾಪಾಯ ತರಬಲ್ಲುದು. ಇವೆರಡರ ಭೇದವನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು.

ನಮ್ಮಲ್ಲಿ ಮುಖ್ಯವಾಗಿ ಮೂರು ಬಗೆಯ ಜೇನುಗಳು ಕಚ್ಚುತ್ತವೆ. ಎತ್ತರದ ಮರ, ನೀರಿನ ಟ್ಯಾಂಕು, ಹಳೆಯ ಕಟ್ಟಡಗಳಲ್ಲಿ ದೊಡ್ಡ ಹುಟ್ಟು ಕಟ್ಟುವುದು ಹೆಜ್ಜೇನು. ಪೊಟರೆಯಲ್ಲಿಯೂ ಪೆಟ್ಟಿಗೆಯಲ್ಲಿಯೂ ಇರುವುದು ತುಡುವೆ. ಗಿಡದ ಟೊಂಗೆಗೆ ಅಂಗೈಯಷ್ಟು ಹುಟ್ಟು ಕಟ್ಟುವುದು ಕೋಲುಜೇನು. ಚಾಟಣಿ ಮಾಡುವಾಗ ಎಲೆಗಳ ಮರೆಯಲ್ಲಿ ಕೈಗೆ ತಗಲುವುದು ಸಾಮಾನ್ಯವಾಗಿ ಈ ಕೋಲುಜೇನೇ. ಹೆಜ್ಜೇನು ಕೆರಳಿದರೆ ಗುಂಪಾಗಿ ಬೆನ್ನಟ್ಟುತ್ತದೆ.

ಮೊದಲ ಕೆಲಸ

ಜೇನಿನ ಮುಳ್ಳಿಗೆ ಹಿಮ್ಮುಖದ ಹಲ್ಲುಗಳಿರುವುದರಿಂದ ಅದು ವಿಷದ ಚೀಲದೊಡನೆ ಚರ್ಮದಲ್ಲಿಯೇ ಉಳಿದು, ಕೆಲವು ಕ್ಷಣಗಳ ಕಾಲ ವಿಷವನ್ನು ಒಳಗೆ ಸುರಿಸುತ್ತಿರುತ್ತದೆ. ಆದ್ದರಿಂದ ಉಗುರಿನಿಂದಾಗಲಿ, ಬೆರಳಿನಿಂದಾಗಲಿ ಕೂಡಲೇ ಕಿತ್ತೊಗೆಯಬೇಕು. ಯಾವ ವಿಧಾನವೆಂಬುದಕ್ಕಿಂತ ಎಷ್ಟು ಬೇಗ ಎಂಬುದು ಮುಖ್ಯ. ಕಚ್ಚಿದ ಜಾಗದಿಂದ ಹೊರಡುವ ವಾಸನೆ ಉಳಿದ ಹುಳುಗಳನ್ನೂ ಕೆರಳಿಸುವುದರಿಂದ ಅಲ್ಲಿ ನಿಲ್ಲದೆ ದೂರ ಸರಿಯಬೇಕು. ನಂತರ ಸಾಬೂನಿನಿಂದ ತೊಳೆದು, ತಣ್ಣೀರಿನ ಬಟ್ಟೆಯನ್ನು 10 ನಿಮಿಷ ಇಡಬೇಕು. ಬಾವು ಏರುವ ಮೊದಲೇ ಉಂಗುರ, ಬಳೆಗಳನ್ನು ತೆಗೆಯಬೇಕು. ಉರಿ ಶಮನಕ್ಕೆ ಶ್ರೀಗಂಧ ತೇಯ್ದು ಹಚ್ಚಬಹುದು. ಸುಣ್ಣ ಚರ್ಮವನ್ನು ಸುಡುತ್ತದೆ, ಮಣ್ಣು ನಂಜೇರಿಸುತ್ತದೆ, ಇವೆರಡೂ ಬೇಡ. ಕಚ್ಚಿದಲ್ಲಿ ಮಾತ್ರ ನೋವು, ಬಾವು, ತುರಿಕೆ ಇದ್ದರೆ ಇಷ್ಟು ಸಾಕು.

ಅಪಾಯದ ಲಕ್ಷಣಗಳು

ಸುಶ್ರುತ ಸಂಹಿತೆಯ ಕಲ್ಪಸ್ಥಾನದ 8ನೆಯ ಅಧ್ಯಾಯವು ಕೀಟವಿಷಕ್ಕೆ ಮೀಸಲಾಗಿದೆ. ಅಲ್ಲಿ ಮಕ್ಷಿಕಗಳನ್ನು 6 ಬಗೆಯಾಗಿ ವಿಂಗಡಿಸಿ, ಕೆಲವು ಕೇವಲ ದಾಹ, ಬಾವು ತಂದರೆ ಕೆಲವು ಪ್ರಾಣಹರವೆಂದು ಎಚ್ಚರಿಸಲಾಗಿದೆ. ಇಂದಿನ ವೈದ್ಯಶಾಸ್ತ್ರದ ಪ್ರಕಾರ ಈ ಭೇದಕ್ಕೆ ಹುಳುವಿನಷ್ಟೇ ಕಚ್ಚಿಸಿಕೊಂಡವರ ದೇಹಪ್ರಕೃತಿಯೂ ಕಾರಣ.

ಹಲವು ವರ್ಷಗಳ ಹಿಂದೆ ದಾಳಿಂಬೆ ತೋಟದಲ್ಲಿ ಕೆಲಸ ಮಾಡುವ ತಾಯಿಯೊಬ್ಬರನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಕಚ್ಚಿದ್ದು ಒಂದೇ ಹುಳು. ಹಿಂದಿನ ವರ್ಷವೂ ಕಚ್ಚಿತ್ತು, ಏನೂ ಆಗಿರಲಿಲ್ಲವೆಂದರು. ನಾವು ಲೇಪ ತೇಯಲು ಕುಳಿತೆವು. ಅಷ್ಟರಲ್ಲಿ ಮೈತುಂಬ ಗಂಧೆಗಳೆದ್ದು, ಧ್ವನಿ ಒಡೆದು, ಅವರು ಕುಸಿದರು. ನಗರದ ಆಸ್ಪತ್ರೆಯಲ್ಲಿ ಅಡ್ರಿನಾಲಿನ್ ಚುಚ್ಚುಮದ್ದು ದೊರೆತ ಮೇಲೆ ಬದುಕಿದರು. ಲೇಪಕ್ಕಾಗಿ ನಾವು ಕಳೆದ ಆ ನಿಮಿಷಗಳು ಇಂದಿಗೂ ನಮ್ಮನ್ನು ಕಾಡುತ್ತವೆ. ಹಿಂದೆ ಏನೂ ಆಗಿರಲಿಲ್ಲ ಎಂಬುದು ಮುಂದೆಯೂ ಆಗದು ಎಂಬುದಕ್ಕೆ ಭರವಸೆಯಲ್ಲ.

ಕಚ್ಚಿದ ಜಾಗವನ್ನು ಬಿಟ್ಟು ಮೈಯೆಲ್ಲ ಗಂಧೆ, ತುಟಿ ಅಥವಾ ನಾಲಿಗೆಯ ಬಾವು, ಉಬ್ಬಸ, ವಾಂತಿ, ತಲೆಸುತ್ತು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಬೇಕು. ಇಲ್ಲಿ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಾಲಿನ್. ಅದಕ್ಕೆ ಸಾಟಿಯಾದ ಔಷಧ ನಮ್ಮ ಪೆಟ್ಟಿಗೆಯಲ್ಲಿಲ್ಲವೆಂದು ಆಯುರ್ವೇದ ವೈದ್ಯರಾದ ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ವಿಜಯಪುರ ದೂರವೆನಿಸಿದರೆ, ಈ ಚುಚ್ಚುಮದ್ದು ದೊರೆಯುವ ಹತ್ತಿರದ ಆಸ್ಪತ್ರೆಗೆ ಮೊದಲು ಒಯ್ಯಬೇಕು. ರೋಗಿಯನ್ನು ನಡೆಸದೆ, ಕಾಲು ಎತ್ತರಿಸಿ ಮಲಗಿಸಬೇಕು, ಉಬ್ಬಸವಿದ್ದರೆ ಕೂರಿಸಬೇಕು. ಬಿ.ಪಿ.ಯ ಕೆಲವು ಮಾತ್ರೆಗಳು ಈ ಚುಚ್ಚುಮದ್ದಿನ ಪರಿಣಾಮವನ್ನು ತಗ್ಗಿಸುವುದರಿಂದ, ಸೇವಿಸುವ ಮಾತ್ರೆಗಳನ್ನು ವೈದ್ಯರಿಗೆ ತಿಳಿಸಬೇಕು. ಚೇತರಿಸಿಕೊಂಡರೂ ಲಕ್ಷಣಗಳು ಕೆಲವು ಗಂಟೆಗಳ ನಂತರ ಮರುಕಳಿಸಬಹುದು. ವೈದ್ಯರು ಹೇಳುವವರೆಗೆ ಮನೆಗೆ ಹೊರಡಬಾರದು.

ಬಾಯಿ, ಗಂಟಲಿನೊಳಗೆ ಕಚ್ಚಿದರೆ, ಅಥವಾ ಹೆಜ್ಜೇನು ಹತ್ತಾರು ಕಡೆ ಕಚ್ಚಿದರೆ, ಲಕ್ಷಣಗಳಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹೆಚ್ಚಿನ ವಿಷ ಸ್ನಾಯುಗಳನ್ನು ಕೆಡಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಮೂತ್ರ ಕಪ್ಪಾಗುವುದು ಅದರ ಸೂಚನೆ.

ಮುನ್ನೆಚ್ಚರಿಕೆ

ಚಾಟಣಿಗೆ ಮೊದಲು ಸಾಲುಗಳನ್ನೊಮ್ಮೆ ನೋಡಿ, ಹುಟ್ಟಿರುವ ಗಿಡಕ್ಕೆ ಬಟ್ಟೆಯ ಗುರುತು ಕಟ್ಟಿರಿ. ತುಂಬುತೋಳಿನ ತಿಳಿಬಣ್ಣದ ಉಡುಪು ಒಳ್ಳೆಯದು. ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕೋಣೆಯನ್ನೋ ವಾಹನವನ್ನೋ ಸೇರಿ ಬಾಗಿಲು ಹಾಕಿಕೊಳ್ಳಿರಿ. ಬಾವಿಗೆ ಹಾರಬೇಡಿರಿ, ಹುಳುಗಳು ಮೇಲೆಯೇ ಕಾಯುತ್ತಿರುತ್ತವೆ. ಹುಟ್ಟಿಗೆ ಬೆಂಕಿ ಇಡಬೇಡಿರಿ, ಹೂಬಿಟ್ಟ ಗಿಡಗಳಿಗೆ ಕೀಟನಾಶಕ ಸಿಂಪಡಿಸಬೇಡಿರಿ. ದಾಳಿಂಬೆಯ ಹೂ ಕಾಯಾಗುವುದರಲ್ಲಿ ಈ ಹುಳುಗಳ ದುಡಿಮೆಯೂ ಇದೆ.

ತೋಟದ ಮನೆಯ ಗೋಡೆಯ ಮೇಲೆ ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಇಂದೇ ಬರೆದಿಡಿರಿ. ಅಡ್ರಿನಾಲಿನ್ ಅಲ್ಲಿ ದೊರೆಯುವುದೋ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿರಿ.