ರಾಗಿಯ ಬೆಂಕಿರೋಗವೂ ಯೂರಿಯಾ ಚೀಲವೂ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸುತ್ತಣ ಹೊಲಗಳಲ್ಲಿ ರಾಗಿ ತೆನೆ ಬಿಚ್ಚುವ ಹೊತ್ತಿಗೆ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಪೈರೇನೋ ಕಡುಹಸುರಾಗಿ ಹುಲುಸಾಗಿ ಬೆಳೆದಿತ್ತು, ತೆನೆ ಮಾತ್ರ ಜೊಳ್ಳಾಯಿತು. ಅಂಥ ತೆನೆಯನ್ನು ಮುರಿದು ನೋಡಿದರೆ ಕೊರಳು ಕಪ್ಪಾಗಿ ಕುಗ್ಗಿರುತ್ತದೆ, ಇಲುಕುಗಳು ತುದಿಯಿಂದ ಒಣಗಿರುತ್ತವೆ, ಎಲೆಯ ಮೇಲೆ ನಡುವೆ ಬೂದಿಬಣ್ಣ, ಅಂಚಿಗೆ ಕಂದುಬಣ್ಣ ತಳೆದ ಕದಿರಿನಾಕಾರದ ಮಚ್ಚೆಗಳಿರುತ್ತವೆ. ಇದು ಬೆಂಕಿರೋಗ: ಮೋಡ, ಇಬ್ಬನಿ, ಅತಿಯಾದ ಸಾರಜನಕ ಇವು ಕೂಡಿದಲ್ಲಿ ಹಬ್ಬತಕ್ಕ ಶಿಲೀಂಧ್ರರೋಗ. ಶಾಸ್ತ್ರ ಇಷ್ಟು ಸಾಕು.

ಮೋಡವೂ ಇಬ್ಬನಿಯೂ ನಮ್ಮ ಕೈಯಲ್ಲಿಲ್ಲ, ಸಾರಜನಕವುಂಟು. ಎಕರೆ, ಎರಡೆಕರೆ ಖುಷ್ಕಿಯನ್ನು ಉಳಿಸಿಕೊಂಡು ಕಾರ್ಖಾನೆಯ ಪಾಳಿಗೂ ಹೋಗುವ ಕುಟುಂಬಗಳಲ್ಲಿ, ರಜೆಯ ದಿನ ಹದಮಳೆ ಬಿದ್ದುದೇ ತಡ, 45 ಕೆ.ಜಿ.ಯ ಯೂರಿಯಾ ಚೀಲವನ್ನು ಇಡಿಯಾಗಿ ಎರಚಿ ಕೈತೊಳೆದುಕೊಳ್ಳುವ ಪದ್ಧತಿ ಬೇರೂರಿದೆ. ಬಿಡುವಿಲ್ಲವೆಂಬ ಸಮಾಧಾನವನ್ನು ನಾನು ಒಪ್ಪಲಾರೆ: ಒಂದೇ ಸಲ ಎರಚಲು ದೊರೆತ ಬಿಡುವು ಅಳೆದು ಹಾಕಲು ಏಕೆ ದೊರೆಯದು? ಸಹಾಯಧನದಿಂದ ಗೊಬ್ಬರ ಅಗ್ಗವಾದುದೇ ಈ ದುರಭ್ಯಾಸದ ಮೂಲ.

ಮಳೆಯಾಶ್ರಿತ ರಾಗಿಗೆ ಎಕರೆಯೊಂದಕ್ಕೆ ಬೇಕಾದ ಸಾರಜನಕ 20 ಕೆ.ಜಿ. ಮಾತ್ರ. ಮೂರು ಟನ್ ಕೊಟ್ಟಿಗೆಗೊಬ್ಬರವನ್ನು ಮೊದಲೇ ಮಣ್ಣಿಗೆ ಸೇರಿಸಿ, ಬಿತ್ತುವಾಗ ಡಿಎಪಿ 35 ಕೆ.ಜಿ., ಪೊಟ್ಯಾಷ್ 17 ಕೆ.ಜಿ., ಯೂರಿಯಾ 8 ಕೆ.ಜಿ. ಕೊಡತಕ್ಕದ್ದು, ಉಳಿದ 22 ಕೆ.ಜಿ. ಯೂರಿಯಾವನ್ನು 25–30 ದಿನಗಳಿಗೆ, ಕಳೆ ತೆಗೆದ ಮೇಲೆ, ನೆಲದಲ್ಲಿ ಹದವಿದ್ದರೆ ಮಾತ್ರ. ಇಡೀ ಚೀಲ ಸುರಿದವನು ಡಿಎಪಿಯಲ್ಲಿರುವ ಸಾರಜನಕವನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಜಿಪಿಯು-28 ಬೆಂಕಿರೋಗವನ್ನು ತಡೆದುಕೊಳ್ಳುವ ತಳಿಯೆಂಬುದು ನಿಜ, ಆದರೆ ಆ ಧೈರ್ಯದಿಂದ ಗೊಬ್ಬರ ಸುರಿಯಲಾಗದು.

ಬಿತ್ತನೆಬೀಜಕ್ಕೆ ಕೆ.ಜಿ.ಗೆ 2 ಗ್ರಾಂ ಕಾರ್ಬೆಂಡೈಜಿಂ ಲೇಪಿಸಬೇಕು. ಕೂರಿಗೆಯಲ್ಲಿ ಬಿತ್ತುವವರಿಗೆ ಎಕರೆಗೆ 4 ಕೆ.ಜಿ. ಬೀಜ, 8 ಗ್ರಾಂ ಔಷಧ. ರೋಗ ಕಂಡ ಹೊಲದಲ್ಲಿ ಅರ್ಧದಷ್ಟು ತೆನೆ ಹೊರಬಂದಾಗ ಅದೇ ಔಷಧವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಬೆರೆಸಿ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು. ಮುಚ್ಚಳದಲ್ಲಿ ಅಂದಾಜಿಗೆ ಅಳೆಯುವುದನ್ನು ದಯವಿಟ್ಟು ಬಿಡಿ. ತಕ್ಕಡಿ ಇಲ್ಲದಿದ್ದರೆ ಅಂಗಡಿಯಲ್ಲೇ ತೂಗಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ.

ಚೆಲ್ಲುಬಿತ್ತನೆಯಿಂದ ರಾಗಿಯ ನಡುವೆ ಕಾಳಿನ ಸಾಲು ಹಾಕುವ ನಮ್ಮ ಅಕ್ಕಡಿಯೂ ಮರೆಯಾಗುತ್ತಿದೆ, ಇದು ನನಗೆ ಬಹಳ ನೋವಿನ ಸಂಗತಿ. ಒಂದಡಿ ಅಂತರದ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇಲ್ಲವೇ ಎರಡು ಸಾಲು ತೊಗರಿ ಹಾಕಿದರೆ, ರಾಗಿ ಕೈಕೊಟ್ಟ ವರ್ಷವೂ ಮನೆಗೆ ಬೇಳೆಕಾಳು, ದನಕ್ಕೆ ಹೊಟ್ಟು ಬರುತ್ತದೆ. ಸಾಲಿದ್ದರೆ ಕುಂಟೆಯೂ ಓಡುತ್ತದೆ. ಮಳೆ ತಡವಾಗಿ ಆಗಸ್ಟ್ ಮಧ್ಯ ಕಳೆಯಿತೋ, ಜಿಪಿಯು-28 ಬಿತ್ತಬೇಡಿ. ಹುರುಳಿಯನ್ನೋ ಹುಚ್ಚೆಳ್ಳನ್ನೋ ಹಾಕಿ. ಹುರುಳಿಗೆ ಯೂರಿಯಾದ ಮೇಲುಗೊಬ್ಬರ ಬೇಡವೇ ಬೇಡ.